ಜಾತಿ ನಾಯಿಗೆ ಫಿಟ್ಸ್ ಯಾಕೆ ಬರುತ್ತದೆ?

ಕಿಟಕಿಯಾಚೆ ಯಾರೋ ಹಾದು ಹೋಗುತ್ತಾರೆ. ಗೋಡೆ ಮೇಲೆ ನೆರಳು ಒಮ್ಮೆ ಸರಿಯುತ್ತದೆ, ಅಷ್ಟೇ. ಮೂಲೆಯಲ್ಲಿ ಕೂತ ಡ್ಯಾಷಂಡ್ ನಾಯಿಯ ತಲೆ ತಟಕ್ಕನೆ ಹಿಂದಕ್ಕೆ ಎಗರುತ್ತದೆ, ಯಾರೋ ಮೂಗಿಗೆ ಹೊಡೆದ ಹಾಗೆ. ಟೀವಿಯಲ್ಲಿ ಬೆಳಕು ಮಿಂಚಿದರೂ ಹಾಗೇ. ಅಡುಗೆಮನೆಯಲ್ಲಿ ಲೋಟ ಬಿದ್ದರೂ ಹಾಗೇ. ಆರೇಳು ವರ್ಷ ಚೆನ್ನಾಗಿಯೇ ಇದ್ದ ನಾಯಿ ಅದು. ಮನೆಯವರು ಮೊದಮೊದಲು ‘ಹೆದರುಪುಕ್ಕಲು’ ಅಂದು ನಗುತ್ತಾರೆ. ಕೆಲವು ತಿಂಗಳ ಮೇಲೆ ನಿಜವಾದ ಫಿಟ್ಸ್ ಬರುತ್ತದೆ. ಆಮೇಲೆ ನಡಿಗೆ ತಪ್ಪುತ್ತದೆ, ಕಣ್ಣು ಮಂಜಾಗುತ್ತದೆ, ವರ್ಷಗಟ್ಟಲೆ ಹೊರಗೆ ಹೋಗಿ ಅಭ್ಯಾಸವಾದ ನಾಯಿ ಹಾಲ್‌ನಲ್ಲೇ ಉಚ್ಚೆ ಹೊಯ್ಯುತ್ತದೆ.

ಬ್ರಿಟನ್ನಿನಲ್ಲಿ ಒರಟು ಕೂದಲಿನ ಪುಟ್ಟ ಡ್ಯಾಷಂಡ್ ಸಾಕಿದ ಎಷ್ಟೋ ಮನೆಗಳಲ್ಲಿ ಕತೆ ಹೀಗೇ ಶುರುವಾಗುತ್ತಿತ್ತು. ಈ ರೋಗಕ್ಕೆ ಲಫೋರಾ ಕಾಯಿಲೆ ಅಂತ ಹೆಸರು. ಸ್ಪೇನಿನ ವೈದ್ಯ ಗೊನ್ಸಾಲೊ ಲಫೋರಾ 1911ರಲ್ಲಿ ಇದನ್ನು ಗುರುತಿಸಿದ್ದು ನಾಯಿಯಲ್ಲಲ್ಲ, ಮನುಷ್ಯರ ಮಿದುಳಿನಲ್ಲಿ. ಮನುಷ್ಯರಲ್ಲಿ ಇದು ಹದಿಹರೆಯದಲ್ಲೇ ಹಿಡಿಯುತ್ತದೆ, ಬಹಳಷ್ಟು ಮಂದಿಯನ್ನು ಹತ್ತು ವರ್ಷದೊಳಗೆ ತೆಗೆದುಕೊಂಡು ಹೋಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1990ರ ದಶಕದಲ್ಲೇ ದಕ್ಷಿಣ ಭಾರತದ ಲಫೋರಾ ರೋಗಿಗಳ ಬಗ್ಗೆ ಬರೆದಿದ್ದಾರೆ. ಅಂದರೆ ನಮಗೂ ತೀರಾ ಹೊರಗಿನ ಕಾಯಿಲೆ ಅಲ್ಲ.

ನಾಯಿಯಲ್ಲಿ ಇದರ ಬೇರು ಸಿಕ್ಕಿದ್ದು 2005ರಲ್ಲಿ. ಕೆನಡಾದ ಟೊರಾಂಟೊದ ಮಕ್ಕಳ ಆಸ್ಪತ್ರೆಯಲ್ಲಿ ಬರ್ಜ್ ಮಿನಾಸಿಯನ್, ಹಾನ್ನೆಸ್ ಲೋಹಿ ಮತ್ತು ಸಂಗಡಿಗರು ಹುಡುಕಿ ತೆಗೆದರು. ಎನ್‌ಎಚ್‌ಎಲ್‌ಆರ್‌ಸಿ1 ಎಂಬ ಜೀನ್‌ನಲ್ಲಿ ಡಿಎನ್‌ಎಯ 12 ಅಕ್ಷರದ ಒಂದು ಚೂರು ಇದೆ. ಸಾಮಾನ್ಯ ನಾಯಿಯಲ್ಲಿ ಅದು ಎರಡು ಇಲ್ಲವೇ ಮೂರು ಸಲ ಬರುತ್ತದೆ. ಕಾಯಿಲೆಯ ನಾಯಿಯಲ್ಲಿ 19ರಿಂದ 26 ಸಲ! ಟೈಪ್ ಮಾಡುವಾಗ ಕೀಲಿ ಸಿಕ್ಕಿಕೊಂಡು ಅದೇ ಪದ ಸಾಲುದ್ದ ಬಿದ್ದ ಹಾಗೆ. ಜೀವಕೋಶಕ್ಕೆ ಆ ಪುಟ ಓದಲು ಆಗುವುದೇ ಇಲ್ಲ. ಜೀನ್ ಹೆಚ್ಚುಕಡಿಮೆ ಮಾತು ನಿಲ್ಲಿಸುತ್ತದೆ.

ಆ ಜೀನ್‌ನ ಕೆಲಸ ಏನಾಗಿತ್ತು? ದೇಹ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದಲ್ಲ, ಅದು ಮರದ ಹಾಗೆ ಚೆನ್ನಾಗಿ ಕವಲೊಡೆದಿದ್ದರೆ ಮಾತ್ರ ನೀರಲ್ಲಿ ಕರಗಿರುತ್ತದೆ. ಅದನ್ನು ಹದದಲ್ಲಿಡುವ ಕೆಲಸದಲ್ಲಿ ಈ ಜೀನ್‌ನ ಕೈ ಇದೆ. ಅದು ಕೆಟ್ಟರೆ ಕವಲು ಕಡಿಮೆಯಾಗಿ ಉದ್ದುದ್ದದ ಎಳೆಗಳು ಉಳಿಯುತ್ತವೆ. ಕುದಿಯುವ ನೀರಿಗೆ ರಾಗಿ ಹಿಟ್ಟು ಸುರಿದು ತಿರುವದೆ ಬಿಟ್ಟರೆ ಗಂಟು ಕಟ್ಟುತ್ತದಲ್ಲ, ಹಾಗೆ ನರಕೋಶದೊಳಗೆ ಗಂಟುಗಳಾಗುತ್ತವೆ. ಮಿದುಳಿಗೆ ಆ ಗಂಟು ಒಡೆಯುವ ದಾರಿ ಗೊತ್ತಿಲ್ಲ. ಒಂದೊಂದೇ ಸೇರುತ್ತಾ ಹೋಗುತ್ತವೆ. ರೋಗ ನಡುವಯಸ್ಸಿಗೆ ಕಾಣಿಸಿಕೊಳ್ಳುವುದು ಅದಕ್ಕೇ. ಇಡೀ ತೊಂದರೆಯ ಕೀಲಿ ಇರುವುದೂ ಇಲ್ಲೇ. ಆರು ವರ್ಷ ತುಂಬುವ ಹೊತ್ತಿಗೆ ಆ ನಾಯಿ ನಾಲ್ಕಾರು ಸಲ ಮರಿ ಹಾಕಿಯಾಗಿರುತ್ತದೆ, ಗಂಡಾದರೆ ಊರೆಲ್ಲ ಕ್ರಾಸ್ ಆಗಿರುತ್ತದೆ.

ಈಗ ಮುಖ್ಯ ಪ್ರಶ್ನೆ. ಈ 12 ಅಕ್ಷರದ ಚೂರು ಡ್ಯಾಷಂಡ್‌ನ ಸ್ವಂತ ಆಸ್ತಿ ಏನಲ್ಲ. ಬೀಗಲ್, ಬ್ಯಾಸೆಟ್ ಹೌಂಡ್ ನಾಯಿಗಳಲ್ಲೂ ಲಫೋರಾ ಕಂಡಿದೆ. ಬೀದಿ ನಾಯಿಯೊಳಗೂ ಆ ಚೂರು ಇದೆ. ಹಾಗಾದರೆ ರೋಗ ಡ್ಯಾಷಂಡ್‌ಗೆ ಯಾಕೆ ಗಂಟು ಬಿತ್ತು? ಅದರಲ್ಲೂ ಒರಟು ಕೂದಲಿನ ಪುಟಾಣಿಗೇ ಯಾಕೆ? (ನಮ್ಮಲ್ಲಿ ‘ಡ್ಯಾಶ್’ ಅಂತ ಸಾಕುವುದು ಹೆಚ್ಚಾಗಿ ನುಣುಪು ಕೂದಲಿನದು.)

ಕನ್ನಡದಲ್ಲಿ ನಾವು ಇಂಥ ನಾಯಿಗೆ ‘ಜಾತಿ ನಾಯಿ’ ಅನ್ನುತ್ತೇವೆ. ಯಾರು ಇಟ್ಟ ಹೆಸರೋ ಗೊತ್ತಿಲ್ಲ, ವಿಜ್ಞಾನಕ್ಕೆ ಇಷ್ಟು ಹತ್ತಿರ ಬರುವ ಪದ ಇನ್ನೊಂದಿಲ್ಲ. ಜಾತಿ ಅಂದರೆ ಒಳಗೇ ಕೊಟ್ಟು ಒಳಗೇ ತರುವುದು. ಬ್ರಿಟನ್ನಿನ ಕೆನಲ್ ಕ್ಲಬ್ ಶುರುವಾದದ್ದು 1873ರಲ್ಲಿ. ಅದಾದ ಮೇಲೆ ಒಂದೊಂದು ತಳಿಗೂ ಒಂದೊಂದು ದಾಖಲೆ ಪುಸ್ತಕ ಬಂತು. ಪುಸ್ತಕದಲ್ಲಿ ಹೆಸರಿರುವ ಅಪ್ಪ-ಅಮ್ಮನಿಗೆ ಹುಟ್ಟಿದ ಮರಿಗೆ ಮಾತ್ರ ಆ ಪುಸ್ತಕದಲ್ಲಿ ಜಾಗ. ಹೊರಗಿನ ರಕ್ತಕ್ಕೆ ಬಾಗಿಲು ಬಂದ್. ಒಳಗೆ ಮೊದಲು ಕೂತ ಕೆಲವೇ ನಾಯಿಗಳ ಜೀನ್‌ಗಳೇ ಇವತ್ತಿಗೂ ಸುತ್ತುತ್ತಿವೆ.

ಇದರ ಮೇಲೆ ಇನ್ನೊಂದು ಸೇರುತ್ತದೆ. ಶೋನಲ್ಲಿ ಒಂದು ಗಂಡುನಾಯಿ ಚಾಂಪಿಯನ್ ಆಯಿತು ಅನ್ನಿ. ಎಲ್ಲರಿಗೂ ಅದರ ಮರಿಯೇ ಬೇಕು. ಒಂದೇ ನಾಯಿ ನೂರಾರು ಮರಿಗಳಿಗೆ ಅಪ್ಪನಾಗುತ್ತದೆ. ಅದರ ಮೈಯಲ್ಲಿ ಒಂದು ಕೆಟ್ಟ ಜೀನ್ ಅಡಗಿದ್ದರೆ ಅದಕ್ಕೆ ಏನೂ ಆಗುವುದಿಲ್ಲ, ಯಾಕೆಂದರೆ ಜೋಡಿಯ ಇನ್ನೊಂದು ಪ್ರತಿ ಸರಿಯಿರುತ್ತದೆ. ಎರಡು ತಲೆಮಾರು ಕಳೆಯಲಿ, ಮೊಮ್ಮಕ್ಕಳು ಮೊಮ್ಮಕ್ಕಳನ್ನೇ ಕೂಡಬೇಕಾಗುತ್ತದೆ. ಆಗ ಎರಡು ಕೆಟ್ಟ ಪ್ರತಿಗಳು ಒಂದೇ ಮರಿಯಲ್ಲಿ ಭೇಟಿಯಾಗುತ್ತವೆ. ಲಫೋರಾಗೆ ಬೇಕಾಗಿರುವುದು ಅಷ್ಟೇ. ಅಪ್ಪನಿಂದ ಒಂದು, ಅಮ್ಮನಿಂದ ಒಂದು.

ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ನಮ್ಮದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಕಾಲು ಭಾಗಕ್ಕೂ ಸ್ವಲ್ಪ ಜಾಸ್ತಿ ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಅತ್ತೆ ಮಗ–ಮಾವನ ಮಗಳ ಮದುವೆಯಲ್ಲಿ ಹುಟ್ಟುವ ಮಗುವಿನ ಜೀನ್‌ಗಳಲ್ಲಿ ಲೆಕ್ಕದ ಪ್ರಕಾರ ಶೇ. 6.25ರಷ್ಟು ಜೋಡಿಗಳು ಒಂದೇ ಹಿರಿಯರಿಂದ ಬಂದ ತದ್ರೂಪುಗಳು. ಸೋದರಮಾವನ ಮದುವೆಯಾದರೆ ಶೇ. 12.5. ಡಾಕ್ಟರುಗಳು ಬೇಡ ಬೇಡ ಅನ್ನುವುದು ಇದಕ್ಕೇ. ಈಗ ನಾಯಿ ಲೆಕ್ಕ ನೋಡಿ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಡ್ಯಾನಿಕಾ ಬ್ಯಾನಶ್ ಮತ್ತು ತಂಡ 2021ರಲ್ಲಿ 227 ತಳಿಗಳ ಡಿಎನ್‌ಎ ಲೆಕ್ಕ ಹಾಕಿತು. ಸರಾಸರಿ ಹತ್ತಿರ ಹತ್ತಿರ ಶೇ. 25. ಅದು ಒಡಹುಟ್ಟಿದ ಅಣ್ಣ-ತಂಗಿಗೆ ಮಗು ಹುಟ್ಟಿದರೆ ಬರುವ ಅಂಕಿ. ಗಮನಿಸಿ, ಇದು ಯಾವುದೋ ಒಂದು ಕೆಟ್ಟ ತಳಿಯದ್ದಲ್ಲ, ಸರಾಸರಿ.

ಸೋದರಮಾವನ ಮದುವೆ ಬೇಡ ಅನ್ನುವ ಮನೆಯಲ್ಲೇ ‘ಪ್ಯೂರ್’ ನಾಯಿಮರಿಗೆ ಮೂವತ್ತು-ನಲವತ್ತು ಸಾವಿರ ಎಣಿಸಿ ಕೊಡುತ್ತೇವೆ. ತಮಾಷೆ ಅಲ್ವಾ?

ಆದರೆ ಈ ಒಳಸಂಬಂಧದಿಂದ ಒಂದು ವಿಚಿತ್ರ ಲಾಭವೂ ಆಯಿತು. ರೋಗ ತಂದ ಗುಣವೇ ರೋಗದ ಜೀನ್ ಹುಡುಕುವುದನ್ನು ಸುಲಭ ಮಾಡಿತು. ಒಂದು ತಳಿಯ ನಾಯಿಗಳಲ್ಲಿ ಡಿಎನ್‌ಎ ದೊಡ್ಡ ದೊಡ್ಡ ತುಂಡುಗಳಾಗಿ ಹಾಗೇ ಉಳಿದು ಬಂದಿರುತ್ತದೆ. ಮನುಷ್ಯರಲ್ಲಿ ಒಂದು ಜೀನ್ ಹಿಡಿಯಲು ಸಾವಿರಾರು ಜನರನ್ನು ನೋಡಬೇಕಾಗಬಹುದು. ನಾಯಿಯಲ್ಲಿ ಎರಡು ಕೆಟ್ಟ ಪ್ರತಿ ಬೇಕಾಗುವ ಸರಳ ಗುಣವಾದರೆ, ಆ ಗುಣ ಇರುವ ಹತ್ತು, ಇಲ್ಲದ ಹತ್ತು ನಾಯಿ ಸಿಕ್ಕರೂ ಜಾಗ ಗುರುತಿಸಬಹುದು. 2005ರಲ್ಲೇ ಟಾಶಾ ಎಂಬ ಬಾಕ್ಸರ್ ಹೆಣ್ಣುನಾಯಿಯ ಪೂರ್ತಿ ಡಿಎನ್‌ಎ ನಕ್ಷೆ ಪ್ರಕಟವಾಯಿತು. ಅಲ್ಲಿಂದ ಕೆಲಸ ಓಡತೊಡಗಿತು.

ಅದಕ್ಕೂ ಮೊದಲಿನ ಕತೆ ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡಾಬರ್‌ಮನ್ ನಾಯಿಗಳದ್ದು. ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ 1970ರ ದಶಕದಿಂದ ಒಂದು ಗುಂಪು ನಾಯಿಗಳನ್ನು ಸಾಕಿದ್ದರು. ಅವುಗಳ ಮುಂದೆ ರುಚಿಯಾದ ತಿಂಡಿ ಇಟ್ಟರೆ ಸಾಕು, ಸಂತೋಷಕ್ಕೆ ಕಾಲು ಕುಸಿದು ಧೊಪ್ಪನೆ ಬೀಳುತ್ತಿದ್ದವು. ಎಚ್ಚರ ಇರುತ್ತಿತ್ತು, ಮೈಯಲ್ಲಿ ಬಲ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಏನೂ ಆಗದ ಹಾಗೆ ಎದ್ದು ತಿನ್ನುತ್ತಿದ್ದವು. ಇದು ನಾರ್ಕೊಲೆಪ್ಸಿ, ಎಚ್ಚರ-ನಿದ್ದೆಯ ಗಡಿ ಕಲಸಿಹೋಗುವ ರೋಗ. ಎಮಾನ್ಯುಯೆಲ್ ಮಿನ್ಯೊ ಈ ನಾಯಿಗಳ ಜೀನ್ ಹುಡುಕಲು ಸುಮಾರು ಹತ್ತು ವರ್ಷ ಕಳೆದರು. ಆಗ ನಕ್ಷೆ ಇರಲಿಲ್ಲ, ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ. 1999ರಲ್ಲಿ ಸಿಕ್ಕಿತು. ಹೈಪೊಕ್ರೆಟಿನ್, ಅಥವಾ ಒರೆಕ್ಸಿನ್, ಎಂಬ ಎಚ್ಚರದ ಸಂದೇಶವನ್ನು ಹಿಡಿದುಕೊಳ್ಳುವ ಗ್ರಾಹಕದ ಜೀನ್ ಒಳಗೆ ಹೊರಗಿನ ಒಂದು ಡಿಎನ್‌ಎ ಚೂರು ಬಂದು ಕೂತಿತ್ತು. ಸಂದೇಶ ಬರುತ್ತದೆ, ಬಾಗಿಲು ತೆಗೆಯುವವರಿಲ್ಲ.

ಅದೇ ವರ್ಷ ಅಮೆರಿಕದಲ್ಲೇ ಮಸಾಶಿ ಯಾನಗಿಸಾವ ತಂಡ ಇಲಿಗಳಲ್ಲಿ ಇದೇ ಸಂದೇಶವನ್ನು ತೆಗೆದುಹಾಕಿ ಅದೇ ರೋಗ ಕಂಡಿತು. ಮರುವರ್ಷವೇ ಮನುಷ್ಯರ ಸಂಗತಿ ಬಯಲಾಯಿತು. ನಾರ್ಕೊಲೆಪ್ಸಿ ಇರುವವರಲ್ಲಿ ಈ ಜೀನ್ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಒರೆಕ್ಸಿನ್ ತಯಾರಿಸುವ ನರಕೋಶಗಳೇ ಸತ್ತಿರುತ್ತವೆ. ದಾರಿ ಬೇರೆ, ಹೋಗಿ ಮುಟ್ಟುವ ಜಾಗ ಒಂದೇ. ಇದನ್ನೇ ತಿರುಗಾಮುರುಗಾ ಮಾಡಿ, ಆ ಬಾಗಿಲನ್ನು ಬೇಕೆಂದೇ ಮುಚ್ಚಿ ನಿದ್ದೆ ಬರಿಸುವ ಸುವೊರೆಕ್ಸಾಂಟ್ ಮಾತ್ರೆಗೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬಿದ್ದೇಳುತ್ತಿದ್ದ ಡಾಬರ್‌ಮನ್‌ಗಳ ಋಣ ನಿದ್ದೆ ಬಾರದವರ ಮೇಲಿದೆ.

ಡ್ಯಾಷಂಡ್‌ಗಳ ಋಣವೂ ಕಡಿಮೆ ಏನಲ್ಲ. ಉದ್ದ ಕೂದಲಿನ ಡ್ಯಾಷಂಡ್‌ಗಳಲ್ಲಿ ಇನ್ನೊಂದು ರೋಗ ಇದೆ. ಟಿಪಿಪಿ1 ಎಂಬ ಕಿಣ್ವ ಇಲ್ಲದೆ ನರಕೋಶದೊಳಗೆ ಕಸ ತುಂಬಿ, ನಾಯಿ ಒಂದು ವರ್ಷ ದಾಟುವುದೇ ಕಷ್ಟ. ಮಕ್ಕಳಲ್ಲೂ ಇದೇ ಜೀನ್ ಕೆಟ್ಟು ಬ್ಯಾಟೆನ್ ರೋಗದ ಒಂದು ಬಗೆ ಬರುತ್ತದೆ. ಆ ಕಿಣ್ವವನ್ನೇ ತಯಾರಿಸಿ ಮಿದುಳಿನ ನೀರಿಗೆ ಬಿಡುವ ಚಿಕಿತ್ಸೆಯನ್ನು ಮೊದಲು ಈ ನಾಯಿಗಳಲ್ಲಿ ಪರೀಕ್ಷಿಸಿ ನೋಡಿದರು. 2017ರಲ್ಲಿ ಅದು ಮಕ್ಕಳಿಗೆ ಔಷಧವಾಗಿ ಬಂತು.

ಮತ್ತೆ ಲಫೋರಾಗೆ ಬರೋಣ. ಜೀನ್ ಸಿಕ್ಕಿದ ಮೇಲೆ ಬ್ರಿಟನ್ನಿನ ಡ್ಯಾಷಂಡ್ ಸಂಘಗಳು ಸುಮ್ನೆ ಕೂರಲಿಲ್ಲ. ನಾಯಿಗಳನ್ನು ಒಟ್ಟುಗೂಡಿಸಿ ಪರೀಕ್ಷೆ ಮಾಡಿಸಿದರು, ಫಲಿತಾಂಶ ಬಚ್ಚಿಡಬೇಡಿ ಅಂದರು. ರೋಗದ ಮರಿ ಹುಟ್ಟುವ ಅಪಾಯವಿದ್ದ ಸೂಲುಗಳು ಶೇ. 55 ಇದ್ದದ್ದು ಐದು ವರ್ಷದೊಳಗೆ ಶೇ. 5ಕ್ಕಿಂತ ಕೆಳಗೆ ಇಳಿಯಿತು. ಔಷಧ ಇಲ್ಲ, ಆಪರೇಷನ್ ಇಲ್ಲ. ಯಾವ ನಾಯಿಯನ್ನು ಯಾವುದಕ್ಕೆ ಕ್ರಾಸ್ ಮಾಡಿಸಬೇಕು ಅಂತ ನೋಡಿಕೊಂಡದ್ದಷ್ಟೇ.

ಇಲ್ಲೊಂದು ಜಾಣತನ ಇದೆ. ಒಂದು ಕೆಟ್ಟ ಪ್ರತಿ ಮಾತ್ರ ಹೊತ್ತ ನಾಯಿಗೆ ‘ಕ್ಯಾರಿಯರ್’ ಅನ್ನುತ್ತಾರೆ. ಅದಕ್ಕೆ ರೋಗ ಬರುವುದಿಲ್ಲ. ಎರಡು ಕ್ಯಾರಿಯರ್ ಸೇರಿದರೆ ನಾಲ್ಕರಲ್ಲಿ ಒಂದು ಮರಿಗೆ ರೋಗದ ಸಾಧ್ಯತೆ. ಆದರೆ ಕ್ಯಾರಿಯರನ್ನು ಎರಡೂ ಪ್ರತಿ ಸರಿಯಿರುವ ನಾಯಿಗೆ ಕೂಡಿಸಿದರೆ ಒಂದು ಮರಿಗೂ ರೋಗ ಬರುವುದಿಲ್ಲ, ಅರ್ಧದಷ್ಟು ಮರಿಗಳು ಕ್ಯಾರಿಯರ್ ಆಗಬಹುದು ಅಷ್ಟೇ. ಹಾಗಾಗಿ ಕ್ಯಾರಿಯರ್‌ಗಳನ್ನೆಲ್ಲ ಒಂದೇ ಏಟಿಗೆ ಹೊರಗೆ ಹಾಕಬೇಕಾಗಿಲ್ಲ. ಹಾಕಲೂಬಾರದು. ‘ರೋಗದ ಜೀನ್ ಇರುವ ನಾಯಿ ಬೇಡವೇ ಬೇಡ’ ಅನ್ನುವುದು ಕೇಳಲು ಕಟ್ಟುನಿಟ್ಟಾಗಿದೆ, ಆದರೆ ಮೊದಲೇ ಚಿಕ್ಕದಾದ ಕೆರೆಯಿಂದ ಇನ್ನಷ್ಟು ನೀರು ಹೊರಗೆ ಹಾಕಿದ ಹಾಗೆ.

ಇದಕ್ಕೆ ಸಾಕ್ಷಿ ಆಫ್ರಿಕಾ ಮೂಲದ ಬಸೆಂಜಿ ನಾಯಿ. ಅಮೆರಿಕದಲ್ಲಿ 1970ರ ದಶಕದಲ್ಲಿ ಅದರ ಒಂದು ವಂಶಪಾರಂಪರ್ಯ ರಕ್ತಹೀನತೆಗೆ ಪರೀಕ್ಷೆ ಬಂತು. ಕ್ಯಾರಿಯರ್‌ಗಳನ್ನು ಮರಿ ಹಾಕಿಸುವುದರಿಂದ ದೂರ ಇಟ್ಟರು. ಆ ರೋಗ ಹೆಚ್ಚುಕಡಿಮೆ ಹೋಯಿತು. ಆಮೇಲೆ ಕಿಡ್ನಿಯ ಫ್ಯಾನ್ಕೋನಿ ರೋಗ, ಕಣ್ಣಿನ ರೋಗ ತಲೆ ಎತ್ತಿದವು. ಕೊನೆಗೆ 1980ರ ದಶಕದ ಕಡೆಯಲ್ಲಿ ಆಫ್ರಿಕಾಕ್ಕೇ ಹೋಗಿ ಹೊಸ ನಾಯಿಗಳನ್ನು ತಂದರು. 1990ರಲ್ಲಿ ಅಮೆರಿಕನ್ ಕೆನಲ್ ಕ್ಲಬ್ ಅವುಗಳಿಗಾಗಿ ತನ್ನ ಪುಸ್ತಕದ ಬಾಗಿಲು ತೆರೆಯಿತು.

ಎಲ್ಲ ಮಿದುಳು ರೋಗಗಳೂ ಲಫೋರಾದ ಹಾಗೇ ಇರುವುದಿಲ್ಲ. ಕೆಲವು ಇನ್ನೂ ಸೌಮ್ಯ. ಇಟಲಿಯ ಲಗೊಟ್ಟೊ ನಾಯಿಮರಿಗಳಿಗೆ ಐದರಿಂದ ಒಂಬತ್ತು ವಾರದಲ್ಲಿ ಫಿಟ್ಸ್ ಶುರುವಾಗಿ ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಅದರ ಜೀನ್ 2011ರಲ್ಲಿ ಸಿಕ್ಕಿತು. ನಮ್ಮ ಮನೆಗಳ ಅಚ್ಚುಮೆಚ್ಚಿನ ಲ್ಯಾಬ್ರಡಾರ್‌ಗೆ ಇನ್ನೊಂದು ತಾಪತ್ರಯ. ಚೆಂಡಿನ ಹಿಂದೆ ಜೋರಾಗಿ ಹತ್ತು ನಿಮಿಷ ಓಡಿದ ಮೇಲೆ ಹಿಂಗಾಲು ಬಲ ಕಳೆದುಕೊಂಡು ಕುಸಿಯುತ್ತದೆ. ನರದ ತುದಿಯಲ್ಲಿ ಸಂದೇಶದ ಪೊಟ್ಟಣಗಳನ್ನು ಮತ್ತೆ ಮತ್ತೆ ಬಳಕೆಗೆ ತರುವ ಡೈನಮಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ತಪ್ಪಿದೆ ಅಂತ 2008ರಲ್ಲಿ ಗೊತ್ತಾಯಿತು. ನಿಧಾನಕ್ಕೆ ನಡೆದರೆ ಪೂರೈಕೆ ಸಾಲುತ್ತದೆ, ಓಡಿದರೆ ಸಾಲುವುದಿಲ್ಲ. ಇದಕ್ಕೂ ಪರೀಕ್ಷೆ ಇದೆ. ಕೆನ್ನೆಯ ಒಳಗೆ ಹತ್ತಿಕಡ್ಡಿ ಸವರಿ ಕಳಿಸಿದರೆ ಆಯಿತು.

ಹಾಗಂತ ನಾಯಿಗೆ ಫಿಟ್ಸ್ ಬಂದ ಕೂಡಲೇ ಜೀನ್ ಮೇಲೆ ಹಾಕಬೇಡಿ. ನಮ್ಮ ಊರುಗಳಲ್ಲಿ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ ಇನ್ನೂ ಇದೆ, ಅದು ಮಿದುಳಿಗೆ ಹತ್ತಿದರೆ ಜಾತಿ ನೋಡುವುದಿಲ್ಲ. ಇನ್ನು ಆರು ತಿಂಗಳಿಂದ ಆರು ವರ್ಷದೊಳಗೆ ಶುರುವಾಗುವ, ಸ್ಕ್ಯಾನ್‌ನಲ್ಲಿ ಏನೂ ಕಾಣದ ಮೂರ್ಛೆ ರೋಗವೇ ಜಾಸ್ತಿ. ಜರ್ಮನ್ ಶೆಫರ್ಡ್, ಬೀಗಲ್, ಗೋಲ್ಡನ್ ರಿಟ್ರೀವರ್ ಮನೆತನಗಳಲ್ಲಿ ಅದು ಓಡುತ್ತದೆ. ಅಲ್ಲಿ ಕೈವಾಡ ಒಂದು ಜೀನ್‌ನದ್ದಲ್ಲ, ಹಲವು ಜೀನ್‌ಗಳದ್ದು. ಅದಕ್ಕೆ ಹತ್ತಿಕಡ್ಡಿ ಪರೀಕ್ಷೆ ಇಲ್ಲ. ಯಾರಾದರೂ ‘ಡಿಎನ್‌ಎ ಟೆಸ್ಟ್ ಆಗಿದೆ, ಫಿಟ್ಸ್ ಬರಲ್ಲ’ ಅಂದರೆ ಯಾವ ಟೆಸ್ಟ್ ಅಂತ ಕೇಳಿ.

ಪಗ್ ನಾಯಿ ಇನ್ನೊಂದು ಬಗೆ. 2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಿಂದ ನಮ್ಮ ದೇಶದಲ್ಲಿ ಮನೆಮಾತಾದ ಈ ನಾಯಿಗೆ ಚಿಕ್ಕ ವಯಸ್ಸಿನಲ್ಲೇ ಒಂದು ಮಿದುಳು ಉರಿಯೂತ ಬರಬಹುದು. ದೇಹದ ರಕ್ಷಣಾ ಪಡೆಯೇ ಮಿದುಳಿನ ಮೇಲೆ ಬೀಳುತ್ತದೆ. ರಕ್ಷಣೆಗೆ ಸಂಬಂಧಿಸಿದ ಜೀನ್‌ಗಳ ಒಂದು ನಿರ್ದಿಷ್ಟ ಗುಂಪಿನ ಎರಡೂ ಪ್ರತಿ ಒಂದೇ ಆಗಿರುವ ಪಗ್‌ಗಳಲ್ಲಿ ಅಪಾಯ ಹಲವು ಪಟ್ಟು ಹೆಚ್ಚು. ಸುತ್ತಿ ಬಳಸಿ ಮತ್ತೆ ಅದೇ ಮಾತು, ಎರಡೂ ಪ್ರತಿ ಒಂದೇ.

ಎಲ್ಲಕ್ಕಿಂತ ಕಠಿಣ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ದುಂಡು ತಲೆ, ದೊಡ್ಡ ಕಣ್ಣು, ಮಗುವಿನ ಮುಖ. ಆ ಮುಖಕ್ಕಾಗಿ ಆಯ್ಕೆ ಮಾಡುತ್ತಾ ಮಾಡುತ್ತಾ ತಲೆಬುರುಡೆಯ ಹಿಂಭಾಗ ಕಿರಿದಾಯಿತು, ಮಿದುಳು ಹಾಗೇ ಉಳಿಯಿತು. ಎಂಟನೇ ನಂಬರಿನ ಕಾಲನ್ನು ಆರನೇ ನಂಬರಿನ ಚಪ್ಪಲಿಗೆ ತುರುಕಿದ ಹಾಗೆ. ಜಾಗ ಸಾಲದೆ ಮಿದುಳಿನ ಹಿಂಭಾಗ ಬೆನ್ನುಹುರಿಯ ಬಾಯಿಗೆ ಒತ್ತುತ್ತದೆ, ನೀರಿನ ಹರಿವು ತಪ್ಪುತ್ತದೆ, ಬೆನ್ನುಹುರಿಯೊಳಗೆ ಪೊಳ್ಳುಗಳು ಹುಟ್ಟುತ್ತವೆ. ನಾಯಿ ನಡೆಯುತ್ತಾ ನಡೆಯುತ್ತಾ ಕುತ್ತಿಗೆ ಪಕ್ಕ ಗಾಳಿಯಲ್ಲಿ ಕೆರೆದುಕೊಳ್ಳುತ್ತದೆ, ಕಾಲು ಮೈಗೆ ತಾಗುವುದೇ ಇಲ್ಲ. ನೋಡುವವರಿಗೆ ಮುದ್ದು. ಒಳಗೆ ನೋವು. ಹೊರಗೆ ಏನೂ ಲಕ್ಷಣ ಇಲ್ಲದ ಕ್ಯಾವಲಿಯರ್‌ಗಳನ್ನು ಎಂಆರ್‌ಐ ಮಾಡಿದ ಬ್ರಿಟನ್ನಿನ ಒಂದು ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ವರ್ಷದವುಗಳಲ್ಲಿ ಶೇ. 25ಕ್ಕೆ ಪೊಳ್ಳು ಇತ್ತು, ಆರು ವರ್ಷ ದಾಟಿದವುಗಳಲ್ಲಿ ಶೇ. 70ಕ್ಕೆ.

ಇಲ್ಲಿ ತೆಗೆದುಹಾಕಲು ಒಂದು ಕೆಟ್ಟ ಜೀನ್ ಅಂತ ಇಲ್ಲ. ಈ ತೊಂದರೆ ಇಲ್ಲದ ನಾಯಿಗಳೇ ಕಡಿಮೆ ಇರುವಾಗ ಯಾವುದಕ್ಕೆ ಯಾವುದನ್ನು ಕೂಡಿಸುವುದು? ನಾರ್ವೆಯಲ್ಲಿ ವಿಷಯ ಕೋರ್ಟಿಗೆ ಹೋಯಿತು. 2022ರ ಜನವರಿಯಲ್ಲಿ ಓಸ್ಲೊ ನ್ಯಾಯಾಲಯ ಕ್ಯಾವಲಿಯರ್, ಇಂಗ್ಲಿಷ್ ಬುಲ್‌ಡಾಗ್ ಎರಡನ್ನೂ ಮರಿ ಹಾಕಿಸುವುದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂದಿತು. ಮೇಲ್ಮನವಿಯಲ್ಲಿ ಬುಲ್‌ಡಾಗ್ ಪಾರಾಯಿತು, ಕ್ಯಾವಲಿಯರ್ ಪಾರಾಗಲಿಲ್ಲ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಕ್ಯಾವಲಿಯರ್ ವಿಷಯದಲ್ಲಿ ಅದನ್ನೇ ಎತ್ತಿಹಿಡಿಯಿತು. ಬೇರೆ ತಳಿಯ ರಕ್ತ ತರುವ ದಾರಿಯೊಂದೇ ಉಳಿದಿರುವುದು. ತಳಿಪ್ರಿಯರಿಗೆ ಇದು ಅಪಚಾರ. ನನಗಂತೂ ಇದು ತಡವಾಗಿ ಬಂದ ಬುದ್ಧಿ ಅನ್ನಿಸುತ್ತದೆ.

ನಮ್ಮ ಮುಧೋಳ ನಾಯಿಯ ಬಗ್ಗೆ ಈಗಲೇ ಯೋಚಿಸಬೇಕಾದ್ದು ಈ ಕಾರಣಕ್ಕೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರ ಇದೆ. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ಹೋದವು, ಅಲ್ಲಿಂದ ಬೇಡಿಕೆ ಜಾಸ್ತಿಯಾಯಿತು. ಇಷ್ಟು ಕಾಲ ಅದನ್ನು ಕಾಪಾಡಿದ್ದು ಕುರಿಗಾಹಿಗಳು ಮತ್ತು ಬೇಟೆಯವರು. ಅವರಿಗೆ ಓಡುವ, ಉಳಿಯುವ ನಾಯಿ ಬೇಕಿತ್ತು, ಕಿವಿಯ ಅಳತೆ ಬೇಕಿರಲಿಲ್ಲ. ಈಗ ‘ಅಪ್ಪಟ ಮುಧೋಳ’ ಅನ್ನುವ ಮಾತು ಮಾರುಕಟ್ಟೆಗೆ ಬಂದಿದೆ. ಬಾಗಿಲು ಹಾಕುವ ಮೊದಲು ಒಳಗೆ ಎಷ್ಟು ಜನ ಇದ್ದಾರೆ ಅಂತ ಎಣಿಸಿಕೊಳ್ಳುವುದು ಒಳ್ಳೆಯದು.

ಮರಿ ಕೊಳ್ಳಲು ಹೋದವರಿಗೆ ಬೆಂಗಳೂರಿನಲ್ಲಿ ಮೊದಲು ಕೇಳಿಸುವ ಮಾತು ‘ಪೇಪರ್ ಇದೆ ಸಾರ್’. ಪೇಪರ್ ಅಂದರೆ ಚೆನ್ನೈನ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ನೋಂದಣಿ ಪತ್ರ. ಅದರಲ್ಲಿ ಮೈಕ್ರೊಚಿಪ್ ನಂಬರ್ ಇರುತ್ತದೆ, ಹಿರಿಯರ ಹೆಸರು ಇರುತ್ತದೆ. ಆರೋಗ್ಯದ ಗ್ಯಾರಂಟಿ ಇರುವುದಿಲ್ಲ. ಆದರೂ ಆ ಪತ್ರ ಪೂರ್ತಿ ದಂಡ ಅಲ್ಲ. ಮರಿಯನ್ನು ಎತ್ತಿಕೊಳ್ಳುವ ಮೊದಲು ವಂಶಾವಳಿ ತೋರಿಸಿ ಅನ್ನಿ. ಎಡಕ್ಕೆ ಅಪ್ಪನ ಕಡೆಯವರು, ಬಲಕ್ಕೆ ಅಮ್ಮನ ಕಡೆಯವರು ಅಂತ ಬೇರೆ ಮಾಡಿಕೊಂಡು ಓದಿ. ಅಜ್ಜ, ಮುತ್ತಜ್ಜನ ಸಾಲಿನಲ್ಲಿ ಒಂದೇ ಹೆಸರು ಎರಡೂ ಕಡೆ ಕಂಡರೆ, ಅದರ ಮುಂದೆ ‘ಚಾಂಪಿಯನ್’ ಅಂತ ಇದ್ದರೆ ಇನ್ನೂ ಜೋಪಾನ, ಮಾರುವವರು ಅದನ್ನೇ ಬೆರಳಿಟ್ಟು ಹೆಮ್ಮೆಯಿಂದ ತೋರಿಸುತ್ತಾರೆ.